ನೋವಿಲ್ಲ ಎಂದು ಬಿಟ್ಟ ಗಡ್ಡೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಗಂಡಸರು ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳುವ ಕಾಯಿಲೆಯ ಕಥೆ. ಮುಸಿಮುಸಿ ನಗುವವರು ಈಗಲೇ ನಕ್ಕು ಮುಗಿಸಿ. ಹೆಂಗಸರು ಎದ್ದು ಹೋಗುವುದು ಬೇಡ. ಗಂಡಸರು ಮುಚ್ಚಿಟ್ಟದ್ದನ್ನು ಕೊನೆಗೆ ಅನುಭವಿಸುವವರು ನೀವೇ ತಾನೇ?

ನಾಗರಾಜಪ್ಪ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ವಯಸ್ಸು ಇಪ್ಪತ್ತೇಳು. ಆಳು ಗಟ್ಟಿಮುಟ್ಟು, ಬಾಯಿ ಅದಕ್ಕಿಂತ ಗಟ್ಟಿ. ಆಸ್ಪತ್ರೆ ಎಲ್ಲಿ, ತಾಲ್ಲೂಕು ಕಚೇರಿ ಎಲ್ಲಿ, ಯಾವ ತಿರುವಿನಲ್ಲಿ ಇಳಿದರೆ ಯಾರ ಮನೆ ಹತ್ತಿರ ಎಂದು ಯಾರು ಕೇಳಿದರೂ ಥಟ್ಟನೆ ಹೇಳುವವನು. ಅವನಿಗೆ 1979ನೇ ಇಸವಿಯ ಬೇಸಿಗೆಯಲ್ಲಿ ಮದುವೆಯಾಯಿತು. ಹುಡುಗಿ ಹೊಸನಗರದ ಹತ್ತಿರದ ಹಳ್ಳಿಯವಳು, ಹೆಸರು ಯಮುನಾ.

ಆಷಾಢದಲ್ಲಿ ಹೊಸ ಮದುಮಗಳು ತವರಿಗೆ ಹೋಗಬೇಕಲ್ಲ, ಯಮುನಾಳೂ ಹೋದಳು. ಅವಳಿಲ್ಲದಾಗ ಒಂದು ದಿನ ಸ್ನಾನ ಮಾಡುತ್ತಿದ್ದ ನಾಗರಾಜಪ್ಪನಿಗೆ ಬಲಗಡೆಯ ಬೀಜದಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಬೀಜ ಎಂದೇ ಹೇಳುತ್ತೇನೆ, ವೃಷಣ ಎಂದರೆ ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ. ಗೋಟಡಿಕೆಯಷ್ಟು ಗಾತ್ರದ ಗಡ್ಡೆ. ಒತ್ತಿ ನೋಡಿದ. ನೋವಿಲ್ಲ. ಇನ್ನೊಂದು ಸಲ ಒತ್ತಿ ನೋಡಿದ. ಆಗಲೂ ನೋವಿಲ್ಲ.

ನೋವಿಲ್ಲ ಎಂದ ಮೇಲೆ ಅದು ಕಾಯಿಲೆಯೇ ಅಲ್ಲ ಎಂದುಕೊಂಡ. ಆದರೆ ಕೈ ಸುಮ್ಮನಿರಬೇಕಲ್ಲ. ದಿನಾ ಸ್ನಾನಕ್ಕೆ ಹೋದಾಗ ಮುಟ್ಟಿ ನೋಡುವುದು, ನಿನ್ನೆಗಿಂತ ದೊಡ್ಡದಾಯಿತೇ ಎಂದು ಯೋಚಿಸುವುದು, ಇಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು. ಶ್ರಾವಣದಲ್ಲಿ ಯಮುನಾ ಮರಳಿ ಬರುವಷ್ಟರಲ್ಲಿ ಅದು ದೊಡ್ಡದಾಗಿದೆ ಎಂಬುದು ಅವನಿಗೇ ಖಾತ್ರಿಯಾಗಿತ್ತು. ಅವಳ ಕಣ್ಣಿಗೆ ಬಿದ್ದರೆ ಏನು ಗತಿ ಎಂದು ಹೆದರಿ ಜಗಲಿಯಲ್ಲಿ ಮಲಗತೊಡಗಿದ. ಕೇಳಿದರೆ ಒಳಗೆ ಸೆಕೆ ಎಂದ. ಶ್ರಾವಣದ ಜಡಿಮಳೆಯಲ್ಲಿ ಸೆಕೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಯಮುನಾ ಕಂಬಳಿ ತಂದುಕೊಟ್ಟು ಒಳಗೆ ಹೋದಳು.

ಯಾರನ್ನಾದರೂ ಕೇಳೋಣ ಎಂದರೆ ಬಾಯಿ ಬರುವುದಿಲ್ಲ. ಕೊನೆಗೆ ಡ್ರೈವರ್ ಚಂದ್ರಯ್ಯನ ಹತ್ತಿರ, "ನಮ್ಮೂರಲ್ಲಿ ಒಬ್ಬನಿಗೆ ಹೀಗಾಗಿದೆಯಂತೆ ಚಂದ್ರಣ್ಣ" ಎಂದು ಸುತ್ತುಬಳಸಿ ಕೇಳಿದ.

"ಉಷ್ಣ ಮಾರಾಯ, ಮತ್ತೆಂತ" ಎಂದ ಚಂದ್ರಯ್ಯ. "ಲಾವಂಚ ನೆನೆಸಿದ ನೀರು ಕುಡೀಲಿಕ್ಕೆ ಹೇಳು. ಲಂಗೋಟಿ ಬಿಗಿಯಾಗಿ ಕಟ್ಟಲಿ. ಅದು ತನ್ನಷ್ಟಕ್ಕೇ ಕರಗ್ತದೆ."

ನಾಗರಾಜಪ್ಪ ಲಾವಂಚದ ನೀರು ಕುಡಿದ. ಲಂಗೋಟಿ ಎಷ್ಟು ಬಿಗಿದ ಎಂದರೆ ಸೊಂಟದಲ್ಲಿ ಬಾಸುಂಡೆ ಎದ್ದಿತು. ಗಡ್ಡೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಹಾಗೇ ಸುತ್ತುಬಳಸಿ ಕೇಳಿದ್ದಕ್ಕೆ ಬಸ್ಸಿನಲ್ಲಿ ಒಬ್ಬ ಮುದುಕ, ಅದು ಆನೆಕಾಲಿನ ಜಾತಿಯ ರೋಗ, ಘಟ್ಟದ ಕೆಳಗೆ ಹೋಗಿ ಸೊಳ್ಳೆ ಕಚ್ಚಿಸಿಕೊಂಡಿರಬೇಕು ಎಂದ. ನಾಗರಾಜಪ್ಪ ಘಟ್ಟ ಇಳಿದವನೇ ಅಲ್ಲ. ಪೇಟೆಯ ಲಾಡ್ಜಿನಲ್ಲಿ ತಿಂಗಳಿಗೆರಡು ದಿನ ಕೂರುವ ಗುಪ್ತರೋಗದ ಡಾಕ್ಟರೊಬ್ಬ ಇದ್ದ. ಅವನ ಹ್ಯಾಂಡ್‌ಬಿಲ್ಲು ನಾಗರಾಜಪ್ಪನ ಬಸ್ಸಿನ ಸೀಟಿನ ಬೆನ್ನಿಗೇ ಅಂಟಿಸಿತ್ತು. ಅಲ್ಲಿಗೂ ಹೋದ. ಆ ಮನುಷ್ಯ ಗಡ್ಡೆಯನ್ನು ಮುಟ್ಟಿ ಸಹ ನೋಡಲಿಲ್ಲ.

"ಚಿಕ್ಕಂದಿನಲ್ಲಿ ಕೈಚಟ ಇತ್ತೋ ಇಲ್ವೋ? ನಿಜ ಹೇಳು" ಎಂದು ಗದರಿದ. ನಾಗರಾಜಪ್ಪ ತಲೆ ತಗ್ಗಿಸಿದ. "ಅದರ ಫಲ ಇದು. ಧಾತು ಕೆಟ್ಟು ಹೆಪ್ಪುಗಟ್ಟಿದೆ" ಎಂದು ಒಂದು ಪೊಟ್ಟಣ ಪುಡಿ ಕೊಟ್ಟು ಕಳಿಸಿದ.

ಶುದ್ಧ ಸುಳ್ಳು. ಹದಿಹರೆಯದ ಆ ಅಭ್ಯಾಸದಿಂದ ಯಾರಿಗೂ ಗಡ್ಡೆ ಬೆಳೆಯುವುದಿಲ್ಲ. ಆದರೆ ಅವನಿಗೆ ಅದನ್ನು ಹೇಳುವವರು ಯಾರು? ಇದ್ದ ಹೆದರಿಕೆಯ ಮೇಲೆ ಪಾಪದ ಭಾರವೂ ಸೇರಿತು. ಯಮುನಾ ಊಟ ಬಡಿಸಲು ಬಂದರೆ ಅವಳ ಮುಖ ನೋಡಲಾರ.

ಸರ್ಕಾರಿ ಆಸ್ಪತ್ರೆ ಬಸ್‌ಸ್ಟ್ಯಾಂಡಿನಿಂದ ಒಂದು ಕೂಗಳತೆ. ದಿನಕ್ಕೆ ಎರಡು ಸಲ ಅದರ ಮುಂದೆಯೇ ಬಸ್ಸು ಹೋಗುತ್ತಿತ್ತು. ಅಲ್ಲಿಗೆ ಹೋಗಲು ಮಾತ್ರ ಅವನಿಗೆ ಧೈರ್ಯವಿಲ್ಲ. ಮೂರು ವರ್ಷದ ಹಿಂದೆ ಎಮರ್ಜೆನ್ಸಿಯಲ್ಲಿ ಗಂಡಸರನ್ನು ಹಿಡಿದು ತಂದು ಸಂತಾನಹರಣದ ಕ್ಯಾಂಪು ನಡೆಸಿದಾಗ ಎಷ್ಟೋ ಮಂದಿ ಕಾಡಿನಲ್ಲಿ ಅಡಗಿ ಕೂತದ್ದನ್ನು ಕಣ್ಣಾರೆ ಕಂಡವನು ಅವನು. ಕೋಣಂದೂರಿನ ಸಂತೆಗೆ ಹೋಗುವವರು ಬಸ್ಸಿನಲ್ಲಿ ಈಗಲೂ ಅದನ್ನೇ ಹೇಳುತ್ತಿದ್ದರು. ಆ ಜಾಗ ತೋರಿಸಿದೆಯೋ ಮುಗಿಯಿತು, ನಿನ್ನ ಕಾಯಿಲೆ ಏನೇ ಇರಲಿ, ನರ ಕತ್ತರಿಸಿಯೇ ಕಳಿಸುತ್ತಾರೆ ಎಂದು. ಮದುವೆಯಾಗಿ ಇನ್ನೂ ಆರು ತಿಂಗಳಾಗಿಲ್ಲ. ಆಸ್ಪತ್ರೆಗೆ ಹೋದರೆ ಮಕ್ಕಳಾಗುವುದಿಲ್ಲ, ಹೋಗದಿದ್ದರೆ ಈ ಗಡ್ಡೆ ಏನು ಮಾಡುತ್ತದೋ ಗೊತ್ತಿಲ್ಲ. ಊರಿಗೆಲ್ಲ ದಾರಿ ಹೇಳುವವನಿಗೆ ತಾನು ಎಲ್ಲಿ ಇಳಿಯಬೇಕೆಂದು ತಿಳಿಯದೆ ಹೋಯಿತು.

ಅಷ್ಟರಲ್ಲಿ ದೀಪಾವಳಿ ಬಂತು. ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ಹಚ್ಚಿ, ಬಿಸಿನೀರು ಹುಯ್ಯುವುದು ನಮ್ಮ ಕಡೆಯ ಪದ್ಧತಿ. ಬಚ್ಚಲಿನಲ್ಲಿ ಅಳಿಯ ಲಂಗೋಟಿಯಲ್ಲಿ ಕೂರಬೇಕು, ಹೆಂಡತಿಯ ಅಣ್ಣ ಎಣ್ಣೆ ತಿಕ್ಕಬೇಕು. ಉಳಿದ ಅಳಿಯಂದಿರು ಇದಕ್ಕೆಂದೇ ವರ್ಷವಿಡೀ ಕಾಯುತ್ತಾರೆ. ನಾಗರಾಜಪ್ಪ ಮಾತ್ರ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದ.

ಹಬ್ಬದ ಬೆಳಿಗ್ಗೆ ಅತ್ತೆ ಮಾಸ್ತಮ್ಮ ಎಣ್ಣೆ ಬಟ್ಟಲು ಹಿಡಿದು ಬಂದರು.

"ನಂಗೆ ನೆಗಡಿ ಅತ್ತೆ. ಎಣ್ಣೆ ಆಗೋದಿಲ್ಲ" ಎಂದ.

"ಒಂದು ಸೀನೂ ಸೀನಿಲ್ಲ ನೀವು. ಎಂತ ನೆಗಡಿ?" ಎಂದರು ಮಾಸ್ತಮ್ಮ. ಅವರ ಮುಖ ಸಪ್ಪಗಾಯಿತು. "ನಮ್ಮನೆ ಎಣ್ಣೆ ಬ್ಯಾಡ ಅನ್ನೋಷ್ಟು ತಪ್ಪು ನಮ್ಮಿಂದ ಎಂತ ಆಯ್ತು?"

ಮಾವ ಸೀತಾರಾಮಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. ಮಾತಿಗಿಂತ ಕೆಮ್ಮೇ ಜಾಸ್ತಿ ಅವರದು, ಈಗ ಅದೂ ನಿಂತಿತು. ಯಮುನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಇನ್ನು ಕೂತರೆ ಆಗದು ಎಂದು ನಾಗರಾಜಪ್ಪ ಎದ್ದು ಬಚ್ಚಲಿಗೆ ನಡೆದ.

ಎಣ್ಣೆ ತಿಕ್ಕಲು ಬಂದವನು ಯಮುನಾಳ ಅಣ್ಣ ಗಣೇಶಮೂರ್ತಿ. ಅವನು ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ಸಹಾಯಕ. ಮಲೇರಿಯಾದವರು ಎಂದು ಜನ ಕರೆಯುತ್ತಾರಲ್ಲ, ಮನೆಮನೆಗೆ ಬಂದು ಜ್ವರ ಕೇಳಿ, ಬೆರಳು ಚುಚ್ಚಿ ರಕ್ತ ತೆಗೆದು, ಗೋಡೆಯ ಮೇಲೆ ತಾರೀಖು ಬರೆದು ಹೋಗುವವರು, ಅವರಲ್ಲೊಬ್ಬ. ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವನ ಕೈ ಸೊಂಟಕ್ಕೆ ಬಂದಾಗ ನಿಂತಿತು.

"ಇದೆಂತ ಭಾವ, ಚರ್ಮ ಸುಲಿಯೋ ಹಾಗೆ ಲಂಗೋಟಿ ಕಟ್ಟಿದೀರಿ? ಹಳೇ ಗಾಯದ ಮೇಲೆ ಹೊಸ ಗಾಯ ಆಗಿದೆ."

"ಅಭ್ಯಾಸ" ಎಂದ ನಾಗರಾಜಪ್ಪ.

"ಮದುವೆ ಆದ ಹೊಸತರಲ್ಲಿ ಹೊಳೆಗೆ ಈಜಕ್ಕೆ ಹೋದಾಗ ಈ ಅಭ್ಯಾಸ ಇರಲಿಲ್ಲ." ಗಣೇಶಮೂರ್ತಿ ಬಚ್ಚಲಿನ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತ. "ನೋಡಿ, ದಿನಾ ನಾನು ನೂರು ಜನರ ಹತ್ತಿರ ಭೇದಿ ಎಷ್ಟು ಸಲ ಆಯ್ತು ಅಂತ ಕೇಳೋನು. ನಂಗೆ ನಾಚಿಕೆ ಇಲ್ಲ. ನೀವೂ ಬಿಡಿ. ಅಲ್ಲಿ ಎಂತ ಆಗಿದೆ?"

ನಾಲ್ಕು ತಿಂಗಳಿಂದ ಕಟ್ಟಿಟ್ಟದ್ದು ಒಡೆಯಿತು. ನಾಗರಾಜಪ್ಪ ಎಲ್ಲ ಹೇಳಿದ. ಗಡ್ಡೆ, ಲಾವಂಚ, ಪುಡಿ, ಲಾಡ್ಜಿನವನು ಕೇಳಿದ ಪ್ರಶ್ನೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

"ನೋವು ಒಂಚೂರೂ ಇಲ್ಲ ಭಾವ. ಭಾರ ಅನ್ನಿಸ್ತದೆ ಅಷ್ಟೆ. ನೋವಿಲ್ಲ ಅಂದ ಮೇಲೆ ದೊಡ್ಡದೇನೂ ಅಲ್ಲ, ಅಲ್ದಾ?"

"ನೋವಿದ್ದಿದ್ರೆ ನೀವು ಯಾವತ್ತೋ ಬರ್ತಿದ್ರಿ" ಎಂದ ಗಣೇಶಮೂರ್ತಿ. "ನೋವಿಲ್ಲದೆ ಬೆಳೆಯೋ ಗಡ್ಡೆ ಅಂದ್ರೆ ನಂಗೆ ಹೆದರಿಕೆ."

"ಹಾಗಾದ್ರೆ ಎಂತದು ಇದು?"

"ನಂಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಹತ್ತು ಜನ ಹತ್ತು ಹೇಳಿದ್ರು, ನೀವು ಓದಿದೋರು, ನೀವೂ ಗೊತ್ತಿಲ್ಲ ಅಂತೀರಿ."

"ಆ ಹತ್ತು ಜನಕ್ಕೂ ಗೊತ್ತಿರಲಿಲ್ಲ ಭಾವ. ಗೊತ್ತಿಲ್ಲ ಅಂತ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ. ಒಳಗೆ ನೀರು ತುಂಬಿರಬಹುದು. ನರ ಊದಿರಬಹುದು. ಕರುಳು ಇಳಿದಿರಬಹುದು. ಇವೆಲ್ಲ ಹೊತ್ತಿಗೆ ತೋರಿಸಿದ್ರೆ ಜೀವಕ್ಕೆ ಅಪಾಯ ಇಲ್ಲ, ವಾಸಿಯಾಗ್ತವೆ. ಕೆಟ್ಟ ಗಡ್ಡೆಯೂ ಆಗಿರಬಹುದು. ಮನೇಲಿ ಕೂತು ಮುಟ್ಟಿ ನೋಡಿ ಯಾರಿಗೂ ಹೇಳಕ್ಕಾಗೋದಿಲ್ಲ. ಯಾರು ನೋಡಬೇಕು ಅನ್ನೋದು ಮಾತ್ರ ನಂಗೆ ಗೊತ್ತು. ನಾಳೆಯೇ ಹೊರಡೋಣ."

ನಾಗರಾಜಪ್ಪ ತಲೆ ಅಲ್ಲಾಡಿಸಿದ. "ನರ ಕತ್ತರಿಸಿ ಕಳಿಸ್ತಾರೆ."

"ಕತ್ತರಿಸೋದಕ್ಕೆ ನಿಮ್ಮ ಸಹಿ ಬೇಕು. ನೀವು ಒಪ್ಪದೆ ಯಾರೂ ಚಾಕು ಮುಟ್ಟಬಾರದು. ನಾನು ಪಕ್ಕದಲ್ಲೇ ನಿಂತಿರ್ತೀನಿ. ಆದ್ರೆ ಇದನ್ನ ಮೊದಲು ಯಮುನಾಗೆ ಹೇಳಬೇಕು. ನಾನು ಹೇಳಲ್ಲ, ನೀವೇ ಹೇಳಿ."

ಹಬ್ಬದೂಟವಾದ ಮೇಲೆ ಅವನು ಹೇಳಿದ. ಯಮುನಾಳಿಗೆ ಸಿಟ್ಟು ಬಂತು.

"ನಾನು ನಿಮಗೆ ಹಿಡಿಸಲಿಲ್ಲ ಅಂದ್ಕೊಂಡಿದ್ದೆ" ಎಂದಳು. "ಮೂರು ತಿಂಗಳು ಅದೇ ಯೋಚನೆ. ನನ್ನ ಬಣ್ಣ ಕಪ್ಪು ಅಂತಲೋ, ನನ್ನ ಅಡುಗೆ ಸೇರಲ್ಲ ಅಂತಲೋ ಒಳಗೊಳಗೇ ಸುಟ್ಟುಕೊಂಡೆ. ಒಂದು ಮಾತು ಹೇಳಿದ್ರೆ ನಾನೇ ಕೈಹಿಡಿದು ಆಸ್ಪತ್ರೆಗೆ ಎಳಕೊಂಡು ಹೋಗ್ತಿದ್ದೆ."

"ಮಕ್ಕಳಾಗದೆ ಹೋದ್ರೆ?"

"ಮೊದ್ಲು ನೀವು ಇರಬೇಕಲ್ಲ" ಎಂದಳು ಯಮುನಾ.

ಮನೆಯಲ್ಲಿ ವಿಷಯ ತಿಳಿದದ್ದೇ ಸೀತಾರಾಮಪ್ಪ ಅಡ್ಡ ನಿಂತರು. "ಆ ಜಾಗಕ್ಕೆ ಕತ್ತಿ ತಾಗಿದ್ರೆ ಗಂಡಸು ಗಂಡಸಾಗಿ ಉಳಿಯೋದಿಲ್ಲ. ನಾಟಿ ಔಷಧ ಮಾಡ್ಸೋಣ. ಈ ವಯಸ್ಸಿಗೆ ಏನೇನೋ ಬರ್ತದೆ, ಹೋಗ್ತದೆ. ಗಂಡಸು ಅಂದ ಮೇಲೆ ತಡ್ಕೋಬೇಕು."

ಮಾಸ್ತಮ್ಮ ಒಮ್ಮೆ ಗಂಡನ ಮುಖ ನೋಡಿದರು, ಒಮ್ಮೆ ಮಗನ ಮುಖ. ಯಮುನಾ ಮಾತ್ರ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಅಪ್ಪನಿಗೆ ಎದುರಾಡಿದವಳಲ್ಲ ಅವಳು, ಆವತ್ತೂ ಆಡಲಿಲ್ಲ. ಗಂಡ, ಹೆಂಡತಿ, ಗಣೇಶಮೂರ್ತಿ ಮೂವರೂ ಮರುದಿನ ಬೆಳಗಿನ ಬಸ್ಸಿಗೆ ಹೊರಟರು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಪರದೆ ಎಳೆದು, ಕೋಣೆಯ ದೀಪ ಆರಿಸಿ, ಸಣ್ಣ ಟಾರ್ಚನ್ನು ಗಡ್ಡೆಯ ಹಿಂದೆ ಹಿಡಿದರು. "ಬರೀ ನೀರು ತುಂಬಿದ್ದರೆ ಬೆಳಕು ಹಾದು ಕೆಂಪಗೆ ಕಾಣುತ್ತೆ. ಇಲ್ಲಿ ಬೆಳಕು ಹಾಯುತ್ತಿಲ್ಲ, ಒಳಗೆ ಗಟ್ಟಿ ಇದೆ" ಎಂದರು. ಪುಡಿ, ಲೇಪ ಏನೂ ಹಾಕಬೇಡ, ಯಾರಿಂದಲೂ ಸೂಜಿ ಚುಚ್ಚಿಸಬೇಡ ಎಂದು ಎಚ್ಚರಿಸಿದರು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. "ಅಲ್ಲಿ ಯೂರಾಲಜಿಸ್ಟ್ ಅಂತ ಇರ್ತಾರೆ. ಮೂತ್ರದ ದಾರಿ, ಗಂಡಸರ ಅಂಗ, ಇವನ್ನೇ ನೋಡೋ ತಜ್ಞರು. ತಡ ಮಾಡಬೇಡಿ."

ಘಟ್ಟ ಇಳಿಯುವ ಬಸ್ಸಿನಲ್ಲಿ ನಾಗರಾಜಪ್ಪ ಪ್ರಯಾಣಿಕನಾಗಿ ಕೂತಿದ್ದ. ಮನಸ್ಸು ಒಂದು ತಿರುವಿನಲ್ಲಿ ವಾಪಸು ಹೋಗೋಣ ಎಂದರೆ ಇನ್ನೊಂದು ತಿರುವಿನಲ್ಲಿ ಹೋಗಿಯೇ ನೋಡೋಣ ಎನ್ನುತ್ತಿತ್ತು.

ಯೂರಾಲಜಿಸ್ಟ್ ತಲೆ ನರೆತ ಮನುಷ್ಯ. ಪರೀಕ್ಷೆ ಮಾಡಿ, ರಕ್ತ ತೆಗೆಸಿ, ಎದೆಯ ಎಕ್ಸ್‌ರೇ ಮಾಡಿಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಇದು ಕ್ಯಾನ್ಸರ್ ಇರಬೇಕೆಂದು ತಮಗೆ ಬಲವಾದ ಅನುಮಾನ, ಆ ಒಂದು ಬೀಜವನ್ನು ತೆಗೆಯಬೇಕು ಎಂದು.

ನಾಗರಾಜಪ್ಪನಿಗೆ ಕಿವಿ ಗುಂಯ್ ಎಂದಿತು. ಡಾಕ್ಟರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕೇಳಿದ್ದು ಯಮುನಾ.

"ಒಂದು ತೆಗೆದ್ರೆ ಸಂಸಾರ ಮಾಡಕ್ಕಾಗ್ತದಾ ಡಾಕ್ಟ್ರೇ?"

"ಆಗುತ್ತಮ್ಮ. ಒಂದು ಕಣ್ಣಿದ್ದೋರು ನೋಡಲ್ವಾ? ಗಡ್ಡ ಮೀಸೆ, ಬಲ, ಸಂಸಾರ, ಎಲ್ಲಕ್ಕೂ ಇನ್ನೊಂದು ಸಾಕು. ಆಪರೇಷನ್ ಆದ ಮೇಲೆ ಕರೆಂಟು, ಅಂದ್ರೆ ಉಳಿದ ಕ್ಯಾನ್ಸರನ್ನು ಸುಡೋ ಕಿರಣ, ಕೊಡಬೇಕಾಗಬಹುದು. ಆಗ ಎರಡು ವರ್ಷ ಮಗು ಬೇಡ. ಆಮೇಲೆ ಆಗೋ ಸಾಧ್ಯತೆ ಚೆನ್ನಾಗಿದೆ. ಖಾತ್ರಿ ಅಂತ ಮಾತ್ರ ಸುಳ್ಳು ಹೇಳಲ್ಲ."

ಸಹಿಯ ಕಾಗದ ಬಂದಾಗ ನಾಗರಾಜಪ್ಪ ಅದನ್ನು ಮೂರು ಸಲ ಓದಿಸಿದ. ಸಂತಾನಹರಣ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ನರ್ಸಮ್ಮನನ್ನು ಕೇಳಿದ. ಡಾಕ್ಟರು ಬೇಸರಿಸಲಿಲ್ಲ. ತಾವೇ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಆಮೇಲೆ ಅವನು ಸಹಿ ಮಾಡಿದ.

ತೊಡೆಸಂದಿಯ ಮೇಲೆ ಕೊಯ್ದು ಗಡ್ಡೆಯನ್ನು ತೆಗೆದರು. ಪರೀಕ್ಷೆಗೆ ಕಳಿಸಿದ್ದು ಕ್ಯಾನ್ಸರೇ ಎಂದು ಬಂತು. ಆದರೆ ಬೇರೆಲ್ಲೂ ಹರಡಿದ್ದು ಕಾಣಲಿಲ್ಲ. ಪಕ್ಕದ ಮಂಚದಲ್ಲಿ ಇವನದೇ ವಯಸ್ಸಿನವನೊಬ್ಬ ಇದ್ದ. ಅವನೂ ನೋವಿಲ್ಲವೆಂದು ಬಿಟ್ಟವನೇ, ಒಂದೂವರೆ ವರ್ಷ. ಬೆನ್ನುನೋವು, ಕೆಮ್ಮು ಶುರುವಾದ ಮೇಲೆ ಬಂದಿದ್ದ. ಅವನ ತಾಯಿ ದಿನಾ ಯಮುನಾಳ ಹತ್ತಿರ, ನಿನ್ನ ಗಂಡನಿಗೆ ಯಾರಮ್ಮ ಬುದ್ಧಿ ಹೇಳಿದ್ದು ಎಂದು ಕೇಳುತ್ತಿದ್ದಳು. ನಾಗರಾಜಪ್ಪ ಕರೆಂಟು ಮುಗಿಸಿಕೊಂಡು ಮನೆಗೆ ಹೊರಡುವ ಮೊದಲೇ ಆ ಮಂಚ ಖಾಲಿಯಾಯಿತು. ಅವನ ಹೆಸರನ್ನು ನಾಗರಾಜಪ್ಪ ಕೇಳಿಕೊಂಡಿರಲಿಲ್ಲ. ಆ ಸಂಕಟ ಅವನಿಗೆ ಇವತ್ತಿಗೂ ಇದೆ.

ಹೇಳಿದ ತಾರೀಖಿಗೆ ತಪ್ಪದೆ ಘಟ್ಟ ಇಳಿದು ತೋರಿಸಿಕೊಂಡು ಬಂದ. ಎರಡೂವರೆ ವರ್ಷ ಕಳೆಯಿತು. ಈಗ ಯಮುನಾ ಐದು ತಿಂಗಳ ಬಸುರಿ. ನಾಗರಾಜಪ್ಪ ಮತ್ತೆ ಅದೇ ಬಸ್ಸಿನಲ್ಲಿ ರೈಟ್ ರೈಟ್ ಎಂದು ಕೂಗುತ್ತಿದ್ದಾನೆ. ಲಾಡ್ಜ್ ಡಾಕ್ಟರ ಹ್ಯಾಂಡ್‌ಬಿಲ್ಲು ಯಾರಾದರೂ ಅಂಟಿಸಲು ಬಂದರೆ ಕೊರಳಪಟ್ಟಿ ಹಿಡಿದು ಇಳಿಸುತ್ತಾನೆ.

ಒಂದು ದಿನ ಹೊಸನಗರದಲ್ಲಿ ಮಾವ ಸೀತಾರಾಮಪ್ಪ ಬಸ್ಸು ಹತ್ತಿದರು. ತೀರ್ಥಹಳ್ಳಿಗೆ ಹೊರಟಿದ್ದರು. ಬಸ್ಸು ಊರು ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ, "ಒಂಚೂರು ನಿಲ್ಸಕ್ಕೆ ಹೇಳು" ಎಂದರು. ಇಳಿದು ಪೊದೆಯ ಮರೆಗೆ ಹೋದರು. ಕೋಣಂದೂರು ಮುಟ್ಟುವ ಮುಂಚೆ ಇನ್ನೊಮ್ಮೆ. ಈ ಸಲ ಐದು ನಿಮಿಷವಾದರೂ ಬರಲಿಲ್ಲ. ಜನ ಗೊಣಗತೊಡಗಿದರು. ಚಂದ್ರಯ್ಯ ಹಾರ್ನ್ ಹೊಡೆದ. ನಾಗರಾಜಪ್ಪ ಇಳಿದು ಹೋಗಿ ನೋಡಿದರೆ, ಮುದುಕರು ಒಂದು ಕೈಯಿಂದ ಮರ ಹಿಡಿದು, ಹಲ್ಲು ಕಚ್ಚಿ ನಿಂತಿದ್ದರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ತೊಟ್ಟು ತೊಟ್ಟೇ ಬರ್ತದೆ" ಎಂದರು ಸೀತಾರಾಮಪ್ಪ, ಅಳಿಯನ ಕಡೆ ತಿರುಗದೆ. "ಬರಬೇಕು ಅನ್ನಿಸ್ತದೆ, ಬರೋದಿಲ್ಲ. ಮೂರು ವರ್ಷ ಆಯ್ತು. ಮೊನ್ನೆ ರಕ್ತ ಬಂತು."

"ಮೂರು ವರ್ಷ? ಮಗ ಅದೇ ಇಲಾಖೇಲಿ ಇದ್ದಾನೆ, ಒಂದು ಮಾತು ಹೇಳಬಾರದಿತ್ತಾ ಮಾವ?"

"ಮಗನಿಗೆ ಹ್ಯಾಂಗೆ ಹೇಳೋದು?" ಎಂದರು ಅವರು. "ನಿಂಗೆ ಹೇಳಕ್ಕೇ ಇಷ್ಟು ದಿನ ಆಯ್ತು. ಇವತ್ತು ತೀರ್ಥಹಳ್ಳೀಲಿ ನಂಗೆ ಯಾವ ಕೆಲಸವೂ ಇಲ್ಲ. ನಿನ್ನ ಬಸ್ಸು ಅಂತಲೇ ಹತ್ತಿದ್ದು. ನಿನ್ನ ನೋಡಿದ ಆ ಡಾಕ್ಟ್ರು ಯಾವ ವಾರ ಕೂರ್ತಾರೆ, ಕೇಳಬೇಕಿತ್ತು."

ನಾಗರಾಜಪ್ಪ ಮಾವನ ತೋಳು ಹಿಡಿದು ಬಸ್ಸಿಗೆ ಹತ್ತಿಸಿದ. ಆವತ್ತು ತೀರ್ಥಹಳ್ಳಿಯಲ್ಲಿ ಟಿಕೆಟ್ಟಿನ ಚೀಲವನ್ನು ಬೇರೆ ಕಂಡಕ್ಟರ ಕೈಗೆ ಕೊಟ್ಟು, ಇಬ್ಬರೂ ಘಟ್ಟದ ಬಸ್ಸು ಹತ್ತಿದರು.

ಕಥೆ ಇಷ್ಟು. ಇನ್ನು ನಿಮ್ಮ ಹತ್ತಿರ ಮಾತು. ಸ್ನಾನ ಮಾಡುವಾಗ ತಿಂಗಳಿಗೊಮ್ಮೆ ಬೀಜಗಳನ್ನು ಮುಟ್ಟಿ ನೋಡಿಕೊಳ್ಳಿ. ಗಡ್ಡೆ, ಊತ, ಭಾರ ಕಂಡರೆ ನೋವಿರಲಿ ಇಲ್ಲದಿರಲಿ ಅದೇ ವಾರ ಡಾಕ್ಟರಿಗೆ ತೋರಿಸಿ. ಬೀಜದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ನಾಳೆ ಎನ್ನಬೇಡಿ, ಆ ಗಳಿಗೆಯೇ ಹೊರಡಿ, ಕೆಲವು ಗಂಟೆ ತಡವಾದರೂ ಅಂಗ ಉಳಿಯುವುದಿಲ್ಲ. ಶಿಶ್ನದ ತುದಿಯ ಚರ್ಮ ಹಿಂದೆ ಸರಿದು ಸಿಕ್ಕಿಕೊಂಡು ಊದಿದರೂ, ಮೂತ್ರ ಪೂರ್ತಿ ಕಟ್ಟಿಹೋದರೂ ಅಷ್ಟೇ ಅವಸರ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡಿದ್ದರೂ ತೋರಿಸಿ. ಉರಿ, ಕೀವು, ಹುಣ್ಣು ಇದ್ದರೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಅವಳಿಗೂ ಅಂಟಿರಬಹುದು. ವಯಸ್ಸಾದವರಿಗೆ ಮೂತ್ರ ತಡೆತಡೆದು ಬರುವುದಕ್ಕೂ ಔಷಧ ಇದೆ, ತಜ್ಞರಿದ್ದಾರೆ.

ಇವತ್ತು ಮನೆಗೆ ಹೋಗಿ ನಿಮ್ಮ ಅಪ್ಪನನ್ನು, ಗಂಡನನ್ನು, ಮಗನನ್ನು ಬಾಯಿಬಿಟ್ಟು ಕೇಳಿ. ಏನೂ ಇಲ್ಲ ಎಂದು ರೇಗಿದರೆ ನಾಳೆ ಇನ್ನೊಮ್ಮೆ ಕೇಳಿ. ಹೇಳುವುದಕ್ಕೆಂದೇ ಅವರು ಕೆಲಸವಿಲ್ಲದ ಊರಿಗೆ ಬಸ್ಸು ಹತ್ತಿ ಕೂತಿರಬಹುದು.